ಸುತ್ತು ಕ್ಯಾಸೆಟ್: ಕಪ್ಪು ಐದರ ಸ್ವರ

ಒಂದು ಸ್ವರ ಸುಳ್ಳು ಹೇಳುತ್ತದೆಯೇ?

ಮನುಷ್ಯ ಹೇಳಿಯಾನು. ಪೊಲೀಸರು ಬರೆದುಕೊಂಡ ಹೇಳಿಕೆಯೂ ಹೇಳೀತು. ಆದರೆ ಮೂವತ್ತು ವರ್ಷ ಮಿಲಿಟರಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು ಉಸಿರು ಬಿಗಿಹಿಡಿದು ಊದಿದ ಒಂದೇ ಒಂದು ಉದ್ದನೆಯ ಸ್ವರ ಯಾಕೆ ಸುಳ್ಳಾಗಬೇಕು? ಅಥವಾ ಮೂರು ದಿನದಿಂದ ನಿದ್ದೆಗೆಟ್ಟ ತನ್ನ ಕಿವಿಯೇ ಕೆಟ್ಟಿದೆಯೋ?

ನಂಜನಗೂಡಿನ ಬಜಾರ್ ಬೀದಿಯಲ್ಲಿ, ದೊಡ್ಡಸಿದ್ದಯ್ಯನವರ ಬೆಲ್ಲದ ಮಂಡಿಯ ಎದುರು ನಿಂತ ಸಿದ್ಧಾರ್ಥ ಜೇಬಿನಲ್ಲಿದ್ದ ಕ್ಯಾಸೆಟ್ಟನ್ನು ಮತ್ತೆ ಮುಟ್ಟಿ ನೋಡಿಕೊಂಡ. ಬೆಳಗಿನಿಂದ ಅದನ್ನು ಹನ್ನೊಂದು ಸಲ ಕೇಳಿದ್ದ. ಮೊದಲು ಕ್ಯಾಸೆಟ್ ಹಾಕುವ ತನ್ನ ಪೆಟ್ಟಿಗೆಯನ್ನೇ ಅನುಮಾನಿಸಿದ್ದ. ಆದರೆ ಪೆಟ್ಟಿಗೆಯಲ್ಲಿ ಹೊಸ ಸೆಲ್ಲುಗಳಿದ್ದವು, ಓಟ ಸರಿಯಾಗಿತ್ತು. ತಪ್ಪು ಪೆಟ್ಟಿಗೆಯದ್ದಲ್ಲ.

ಬುಧವಾರ ಬೆಳಿಗ್ಗೆ ತಿ. ನರಸೀಪುರದ ಹೊಳೆ ಮೆಟ್ಟಿಲ ಬುಡದಲ್ಲಿ, ತಲೆಯ ಹಿಂಭಾಗ ಒಡೆದು, ಬ್ಯಾಂಡ್ ಚಲುವಯ್ಯ ಸತ್ತು ಬಿದ್ದಿದ್ದರು. ಗುರುವಾರ ಪೊಲೀಸರು ಬಸ್ ಕಂಡಕ್ಟರ್ ಮರಿಸ್ವಾಮಿಯನ್ನು ಹಿಡಿದರು. ಚಲುವಯ್ಯನವರ ಪ್ರಾಣದಂತಿದ್ದ ಗ್ರಾಮಾಫೋನ್ ತಟ್ಟೆ ಅವನ ಮನೆಯ ಅಟ್ಟದಲ್ಲಿ ಸಿಕ್ಕಿತ್ತು. ಸೋಮವಾರ ಮೈಸೂರಿನ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ. ಇವತ್ತು ಶನಿವಾರ.

ಮರಿಸ್ವಾಮಿಯ ವಕೀಲ ಸಿದ್ಧಾರ್ಥ. ಒಂದು ರೀತಿಯಲ್ಲಿ ಅವನನ್ನು ಒಳಗೆ ಹಾಕಿಸಿದವನೂ ಅವನೇ.

ಎಂಟು ವರ್ಷಗಳ ಹಿಂದೆ ನಾಲ್ಕು ಜನ ಸೇರಿ ಸುತ್ತು ಕ್ಯಾಸೆಟ್ ಶುರು ಮಾಡಿದ್ದರು. ನಾಲ್ವರೂ ಜಾಝ್ ಸಂಗೀತದ ಹುಚ್ಚಿನವರು. ಈ ಸೀಮೆಯಲ್ಲಿ ಆ ಹೆಸರು ಹೇಳಿದರೆ ಜಾಜಿ ಹೂವೇ ಎಂದು ಕೇಳುತ್ತಿದ್ದರು. ಒಂದು ತಗಡಿನ ಡಬ್ಬ, ಅದರೊಳಗೆ ಒಂದು ಕ್ಯಾಸೆಟ್. ತಮಗೆ ಇಷ್ಟವಾದ ಒಂದು ವಾದನವನ್ನು ಅದರಲ್ಲಿ ತುಂಬಿ, ಅದಕ್ಕೂ ಮೊದಲು ಒಂದು ನಿಮಿಷ ಅದು ಯಾಕೆ ಇಷ್ಟ ಎಂದು ಮಾತಾಡಿ, ತಾರೀಕು, ಹೊತ್ತು ಹೇಳಿ ಮುಂದಿನವರಿಗೆ ಕಳಿಸಬೇಕು. ನರಸೀಪುರದಿಂದ ನಂಜನಗೂಡಿಗೆ ಡಬ್ಬ ತರುತ್ತಿದ್ದವನು ಮರಿಸ್ವಾಮಿ. ಬಸ್ ಸ್ಟ್ಯಾಂಡಿನ ಗುರುಸಿದ್ದಮ್ಮನ ಟೀ ಅಂಗಡಿಯ ಹಲಗೆಯ ಮೇಲೆ ಇಟ್ಟು ಹೋಗುತ್ತಿದ್ದ.

ದೊಡ್ಡಸಿದ್ದಯ್ಯನವರಿಗೆ ಸ್ಯಾಕ್ಸೊಫೋನ್ ಪ್ರಾಣ. ರೈಲ್ವೆ ಸ್ಟೇಷನ್ ರಸ್ತೆಯ ಬಾಡಿಗೆ ಮನೆಯಲ್ಲಿದ್ದು ಬದನವಾಳಿನ ಶಾಲೆಗೆ ಓಡಾಡುವ ಇಂದ್ರಾಣಿ ಟೀಚರಿಗೆ ತಗ್ಗಿದ ದನಿಯಲ್ಲಿ ಹಾಡುವ ಹೆಂಗಸರೇ ಬೇಕು. ಸಿದ್ಧಾರ್ಥ ಪಿಯಾನೊ ಕೇಳುತ್ತಿದ್ದ. ಕೇಳುತ್ತಿದ್ದುದು ಎರಡು ಸ್ವರಗಳ ನಡುವೆ ಬೆರಳು ಸುಮ್ಮನಿರುವ ಗಳಿಗೆಯನ್ನು. ಚಲುವಯ್ಯನವರದು ಕ್ಲಾರಿನೆಟ್, ಅದು ಬಿಟ್ಟರೆ ಮಿಕ್ಕಿದ್ದೆಲ್ಲ ಅವರಿಗೆ 'ಪಕ್ಕವಾದ್ಯ'.

ಒಬ್ಬರ ಮನೆಗೆ ಇನ್ನೊಬ್ಬರು ಹೋಗಿದ್ದು ಕಡಿಮೆ. ಧ್ವನಿಗಳು ಭೇಟಿಯಾಗುತ್ತಿದ್ದವು, ಅಷ್ಟೇ.

ಬಳಗದ ಒಂದು ನಿಯಮವನ್ನು ಯಾರೂ ಮುರಿದಿರಲಿಲ್ಲ. ಕ್ಯಾಸೆಟ್ ಊರು ತಿರುಗಬಹುದು. ತಟ್ಟೆ ಮಾತ್ರ ಯಜಮಾನನ ಮನೆಯ ಹೊಸಿಲು ದಾಟಬಾರದು. ಇನ್‌ಸ್ಪೆಕ್ಟರ್ ಕೇಳಿದಾಗ ಸಿದ್ಧಾರ್ಥ ಅದನ್ನೇ ಹೆಮ್ಮೆಯಿಂದ ಹೇಳಿ ಸಹಿ ಮಾಡಿದ್ದ. ಉಳಿದಿಬ್ಬರೂ ಹಾಗೇ ಬರೆಸಿದ್ದರು. ಇನ್‌ಸ್ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕುತ್ತ, "ಸರಿ ಮತ್ತೆ. ತಟ್ಟೆ ಮನೆ ಬಿಟ್ಟು ಹೋಗಲ್ಲ ಅಂದ್ಮೇಲೆ ಅದು ಕಂಡಕ್ಟರ್ ಅಟ್ಟ ಹತ್ಬೇಕಾದ್ರೆ ಇವನು ಮನೆಗೆ ನುಗ್ಗಿರ್ಬೇಕು" ಎಂದಿದ್ದ.

ಮರಿಸ್ವಾಮಿ ಕಂಬಿ ಹಿಡಿದುಕೊಂಡು ಹೇಳಿದ್ದು ಬೇರೆ.

"ಸಾ, ಮಂಗ್ಳಾರ ನಾನು ಡಬ್ಬನೇ ತಂದಿಲ್ಲ ಸಾ. ಬುದ್ವಾರ ಮೊದಲ್ನೇ ಟ್ರಿಪ್ಪಲ್ಲಿ ಬತ್ತೀನಿ, ಗುರುಸಿದ್ದಮ್ನ ಅಂಗ್ಡೀಲಿ ಡಬ್ಬ ಆಗ್ಲೇ ಕುಂತದೆ. ಪಕ್ಕದಾಗೆ ಪೇಪರ್ ಸುತ್ತಿದ ಪೊಟ್ಟಣ. ಮ್ಯಾಲೆ ಬ್ಯಾಂಡಯ್ನೋರ ಎಸ್ರು. ಅಕ್ಸರ ಅಂದ್ರೆ ಇಸ್ಕೂಲ್ ಬೋರ್ಡ್ ಮ್ಯಾಲೆ ಬರ್ದಂಗೆ, ದುಂಡ್‌ದುಂಡುಕೆ. ಕೊಟ್ಬುಡಾಣ ಅಂತ ಎತ್ಕಂಡೆ. ವಾಪಸ್ ಓಗೋದ್ರಲ್ಲಿ ಅವರ ಹೆಣ ಮೆಟ್ಲತ್ರ. ಎದ್ರಿಕಂಡು ಅಟ್ಟುಕ್ಕಾಕ್ದೆ. ಪೇಪರ್ನ ಒಲೆಗಾಕ್ದೆ. ಅದೇ ನಾನು ಮಾಡಿದ್ ತೆಪ್ಪು ಸಾ."

ಗುರುಸಿದ್ದಮ್ಮನನ್ನು ಕೇಳಿದರೆ, "ದಿನಾ ಹತ್ತ್ ಜನ ಹತ್ತ್ ಸಾಮಾನ್ ಇಕ್ಕಿ ಓಯ್ತರೆ ಕಣಪ್ಪ. ಯಾರ್ ಇಕ್ಕುದ್ರು ಅಂತ ಬರ್ಕೊಳಕ್ಕೆ ನಂದೇನು ಪೋಸ್ಟಾಪೀಸಾ?" ಎಂದು ಟೀ ಸೋಸುವುದರಲ್ಲಿ ಮುಳುಗಿದ್ದಳು.

ಚಲುವಯ್ಯ ತಾವೇ ತಟ್ಟೆ ಹಿಡಿದು ನಂಜನಗೂಡಿಗೆ ಬಂದಿದ್ದರು ಎಂದು ಸಾಬೀತಾದರೆ ಮರಿಸ್ವಾಮಿ ಮೇಲಿನ ಕಳ್ಳತನದ ಕಥೆ ಬೀಳುತ್ತದೆ. ಸಾಬೀತು ಮಾಡಲು ಸಿದ್ಧಾರ್ಥನ ಹತ್ತಿರ ಇದ್ದದ್ದು ಒಂದು ಸ್ವರ ಮಾತ್ರ.

ಅವನು ಮಂಡಿಯ ಮೆಟ್ಟಿಲು ಹತ್ತಿದ.

"ಬನ್ನಿ ಬನ್ನಿ ಲಾಯರ್ ಸಾಹೇಬ್ರೆ." ದೊಡ್ಡಸಿದ್ದಯ್ಯ ಬೆಲ್ಲದ ಅಚ್ಚುಗಳ ನಡುವಿನ ಗಾದಿಯಿಂದಲೇ ಕೈ ಎತ್ತಿದರು. ಅರವತ್ತರ ಹತ್ತಿರದ ದಪ್ಪ ಶರೀರ, ಹಣೆಯ ಮೇಲೆ ಮೂರು ಗೆರೆ ವಿಭೂತಿ. "ಪೊಲೀಸ್ನೋರು ಬಂದೋದ್ರು, ಈಗ ನೀವು. ನಾನು ಬೆಲ್ಲ ಮಾರೋದು ಯಾವಾಗ?"

"ನಿಮ್ಮ ಹಾರ್ಮೋನಿಯಂ ಬೇಕಿತ್ತು ಯಜಮಾನ್ರೆ."

"ಕೊಲೆ ಕೇಸಿಗೆ ಭಜನೆ ಮಾಡ್ತೀರೋ?"

"ಟೇಪ್ ರೆಕಾರ್ಡರೂ ಬೇಕು. ಒಂದು ಹತ್ತು ನಿಮಿಷ."

ದೊಡ್ಡಸಿದ್ದಯ್ಯ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಗುಮಾಸ್ತನಿಗೆ ಮಂಡಿ ನೋಡಿಕೊಳ್ಳಲು ಹೇಳಿ ಎದ್ದರು.

ಮಂಡಿಯ ಹಿಂದೆಯೇ ಮನೆ. ಪಡಸಾಲೆಯಲ್ಲಿ ಒಂದು ಬೆತ್ತದ ಕುರ್ಚಿ ತೋರಿಸಿದರು. ಕರಿಕೋಟು ಹಾಕುವವನೆಂದು ಸಿದ್ಧಾರ್ಥನಿಗೆ ಆ ಕುರ್ಚಿ ಸಿಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ದೇವರ ಗೂಡು, ಅದರ ಪಕ್ಕದ ಮೇಜಿನ ಮೇಲೆ ತಟ್ಟೆ ಹಾಕುವ ರೆಕಾರ್ಡ್ ಪ್ಲೇಯರ್, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ.

ಟೇಪ್ ರೆಕಾರ್ಡರ್ ಬಂತು. ಕರೆಂಟಿಗೂ ಓಡುತ್ತಿತ್ತು, ಸೆಲ್ಲಿಗೂ ಓಡುತ್ತಿತ್ತು. ಸಿದ್ಧಾರ್ಥ ಹಿಂಬದಿಯ ಸೆಲ್ ಮುಚ್ಚಳವನ್ನು ಬೆರಳಿಂದ ಸವರಿ ನೋಡಿದ. ದೊಡ್ಡಸಿದ್ದಯ್ಯ ಅದನ್ನು ಗಮನಿಸಿದರು.

"ಏನು, ಒಳಗೆ ಕತ್ತಿ ಇಟ್ಟಿದೀನಾ?"

"ವೈರ್ ಹಾಕಿ, ಕರೆಂಟಲ್ಲೇ ಓಡ್ಲಿ."

ಮೊದಲು ಅವನು ಹಾಕಿದ್ದು ಹೋದ ವರ್ಷದ ಕ್ಯಾಸೆಟ್. ಚಲುವಯ್ಯನವರ ದಪ್ಪ ಧ್ವನಿ ಪಡಸಾಲೆ ತುಂಬಿತು. "ಎಲ್ರೂ ಮೊದ್ಲು ಮಿಷಿನ್ ಸರಿ ಮಾಡ್ಕಳಿ." ಹಿಂದೆಯೇ ಕ್ಲಾರಿನೆಟ್ಟಿನ ಒಂದೇ ಸ್ವರ, ಉದ್ದಕ್ಕೆ, ನೇರಕ್ಕೆ.

ಅದು ಚಲುವಯ್ಯನವರ ಪದ್ಧತಿ. ಒಬ್ಬೊಬ್ಬರ ಟೇಪ್ ರೆಕಾರ್ಡರ್ ಒಂದೊಂದು ವೇಗದಲ್ಲಿ ಓಡುತ್ತದೆ, ಆಗ ವಾದನವೆಲ್ಲ ಕುಲಗೆಡುತ್ತದೆ ಎಂದು ಅವರಿಗೆ ಸಂಕಟ. ಅದಕ್ಕೇ ಪ್ರತಿ ಸಲ ಮೊದಲು ಬ್ಯಾಂಡಿನ ಶ್ರುತಿ ಊದುತ್ತಿದ್ದರು. ಕೇಳುವವರು ಹಾರ್ಮೋನಿಯಂ ಒತ್ತಿ, ರೆಕಾರ್ಡರಿನ ಹಿಂದಿನ ಸಣ್ಣ ತಿರುಪು ತಿರುಗಿಸಿ, ಎರಡೂ ಒಂದಾಗುವ ತನಕ ಹೊಂದಿಸಿಕೊಳ್ಳಬೇಕು. ಹಾರ್ಮೋನಿಯಂನವರ ಲೆಕ್ಕದಲ್ಲಿ ಆ ಸ್ವರ ಕಪ್ಪು ಐದು, ಐದನೆಯ ಕಪ್ಪು ಮನೆ.

"ಒತ್ತಿ ಯಜಮಾನ್ರೆ."

ದೊಡ್ಡಸಿದ್ದಯ್ಯ ತಿದಿ ಆಡಿಸಿ ಕಪ್ಪು ಐದನ್ನು ಒತ್ತಿದರು. ತಿರುಪು ಒಂದು ಎಳೆಯಷ್ಟು ತಿರುಗಿತು. ಎರಡು ಸ್ವರ ಒಂದಾದವು.

"ಇನ್ನು ತಿರುಪು ಮುಟ್ಟೋದು ಬೇಡ," ಎಂದ ಸಿದ್ಧಾರ್ಥ. ಜೇಬಿನಿಂದ ಹೊಸ ಕ್ಯಾಸೆಟ್ ತೆಗೆದು ಹಾಕಿದ.

"ನಮಸ್ಕಾರ. ಇವತ್ತು ಮಂಗ್ಳಾರ, ನವೆಂಬರ್ ಹದಿನೇಳು, ತೊಂಬತ್ತೆಂಟು. ಸಂಜೆ ಆರೂ ಕಾಲು. ಎಲ್ರೂ ಮೊದ್ಲು ಮಿಷಿನ್ ಸರಿ ಮಾಡ್ಕಳಿ."

ಅದೇ ಮಾತು. ಧ್ವನಿ ಮಾತ್ರ ಸಣ್ಣದು, ಹಗುರ, ಅವಸರದ್ದು. ಬುಧವಾರ ಟೀ ಅಂಗಡಿಯಿಂದ ತಂದಿದ್ದನ್ನು ಗುರುವಾರ ರಾತ್ರಿ ಮೊದಲ ಸಲ ಕೇಳಿದಾಗ ಸಿದ್ಧಾರ್ಥನಿಗೆ ಮುದುಕ ಯಾವುದೋ ಖುಷಿಯಲ್ಲಿ ವಯಸ್ಸು ಕಳೆದುಕೊಂಡಿದ್ದಾರೆ ಎನಿಸಿತ್ತು.

ಕ್ಲಾರಿನೆಟ್ ಊದಿತು. ದೊಡ್ಡಸಿದ್ದಯ್ಯನವರ ಬೆರಳು ಕಪ್ಪು ಐದರ ಮೇಲೇ ಇತ್ತು. ಎರಡು ಸ್ವರಗಳು ಒಂದನ್ನೊಂದು ಉಜ್ಜಿ ಹಲ್ಲು ಜುಮ್ಮೆನ್ನುವಂತಾಯಿತು. ಅವರ ಬೆರಳು ತಾನಾಗಿ ಪಕ್ಕದ ಮನೆಗೆ ಸರಿಯಿತು. ಬಿಳಿ ಏಳು. ಜಗಳ ನಿಂತಿತು.

"ಒಂದು ಮನೆ ಮೇಲೆ," ಎಂದ ಸಿದ್ಧಾರ್ಥ.

"ಜೋರಾಗಿ ಊದಿರ್ಬೇಕು."

"ಜೋರಾಗಿ ಊದುದ್ರೆ ಸದ್ದು ದೊಡ್ಡದಾಗುತ್ತೆ. ಮನೆ ಬದಲಾಗಲ್ಲ. ಮಾತೂ ಮೇಲಕ್ಕೆ ಹೋಗಿದೆ, ಕೇಳಿದ್ರಲ್ಲ."

"ಅದಕ್ಕೆ?"

"ತುಂಬುವಾಗ ಮಿಷಿನ್ ನಿಧಾನ ಓಡಿದ್ರೆ, ಆಮೇಲೆ ನಾವು ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲಾ ಮೇಲಕ್ಕೆ ಹೋಗುತ್ತೆ. ಮಿಷಿನ್ ನಿಧಾನ ಓಡೋದು ಸೆಲ್ ಸೋತಾಗ. ಸೆಲ್ ಹಾಕೋದು ಕರೆಂಟ್ ಇಲ್ದಾಗ."

ದೊಡ್ಡಸಿದ್ದಯ್ಯ ತಿದಿ ಬಿಟ್ಟರು. ಹಾರ್ಮೋನಿಯಂ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ನರಸೀಪುರದಲ್ಲಿ ಬ್ಯಾಂಡಯ್ಯನವರ ಬೀದಿ ನೀರಿನ ಪಂಪ್‌ಹೌಸ್ ಲೈನಲ್ಲಿದೆ. ಅಲ್ಲಿ ಸಂಜೆ ಕರೆಂಟ್ ತೆಗೆಯಲ್ಲ. ಮಂಗಳವಾರವೂ ತೆಗೆದಿಲ್ಲ ಅಂತ ಲೈನ್‌ಮ್ಯಾನ್ ಕಲ್ಲಯ್ಯ ಚೀಟೀಲಿ ಬರೆದುಕೊಟ್ಟಿದ್ದಾನೆ. ಅವರ ಟೇಪ್ ರೆಕಾರ್ಡರಿಗೆ ಸೆಲ್ ಹಾಕೋ ಜಾಗಾನೇ ಇಲ್ಲ. ನಂಜನಗೂಡಲ್ಲಿ ಆವತ್ತು ಆರರಿಂದ ಎಂಟರವರೆಗೆ ಕತ್ತಲು."

ಸಿದ್ಧಾರ್ಥ ಟೇಪ್ ರೆಕಾರ್ಡರಿನ ಸೆಲ್ ಮುಚ್ಚಳದ ಮೇಲೆ ಬೆರಳಿಟ್ಟ.

"ಬ್ಯಾಂಡಯ್ಯ ಇದನ್ನ ಈ ಊರಲ್ಲಿ ತುಂಬಿದ್ದಾರೆ. ನೀವು ಅವರನ್ನ ತಿಂಗಳಿಂದ ನೋಡೇ ಇಲ್ಲ ಅಂತ ಬರೆಸಿದ್ದೀರಿ."

"ಹೌದು. ನೋಡಿಲ್ಲ."

"ಯಜಮಾನ್ರೆ."

"ನೋಡಿಲ್ಲ ಅಂದ್ನಲ್ಲಪ್ಪ. ಒಂದು ಪೀಪಿ ಸದ್ದು ಹಿಡ್ಕೊಂಡು ನನ್ನ ಮನೇಲಿ ನನ್ನನ್ನೇ ಕಟಕಟೆ ಹತ್ತುಸ್ತೀಯಾ?"

ಬಹುವಚನ ಬಿಟ್ಟುಹೋಗಿತ್ತು. ಅದು ಬಿಟ್ಟುಹೋದದ್ದು ಅವರಿಗೂ ಕೇಳಿಸಿರಬೇಕು. ವಿಭೂತಿಯ ಗೆರೆಗಳ ನಡುವೆ ಬೆವರು ಕಾಣಿಸಿತು.

ಟೇಪು ಇನ್ನೂ ಓಡುತ್ತಿತ್ತು. ಸತ್ತವರು ಮಾತು ಮುಂದುವರಿಸಿದ್ದರು.

"ಈ ತಟ್ಟೆ ಎಂಟೊರ್ಸದಿಂದ ಕೇಳ್ತಿದ್ರಿ, ನಾನ್ ತುಂಬ್ಸಿರ್ನಿಲ್ಲ. ಬಾಂಬೇಲಿ ಒಂದು ಓಟ್ಲು ಬ್ಯಾಂಡು. ಏಳ್ ಜನ. ರೆಕಾರ್ಡಿಂಗ್ ದಿನ ಒಬ್ಬುಂಗೆ ಜರ ಬಂತು. ರಜದಾಗೆ ಅಲ್ಗೆ ಓಗಿದ್ದ ಸಿಪಾಯಿ ಒಬ್ಬುನ್ನ ಕುಂಡ್ರುಸುದ್ರು. ಲೇಬಲ್ ಮ್ಯಾಲೆ ಆರ್ ಜನುದ್ದೇ ಎಸ್ರಿರೋದು. ಎರಡ್ನೇ ಕ್ಲಾರಿನೆಟ್ ಊದಿರೋನು ನಾನು ಕಣ್ರಪ್ಪ. ಇಷ್ಟ್ ದಿನ ಯೋಳಿರ್ನಿಲ್ಲ. ಯೋಳುದ್ರೆ ಯಾರ್ ನಂಬ್ತಾರೆ ಅಂತ. ಈಗ ಕೇಳಿ."

ಆಮೇಲೆ ಸೂಜಿ ತಟ್ಟೆಗೆ ತಾಗಿದ ಸಣ್ಣ ಕರಕರ. ಡ್ರಮ್ಮಿನ ಮೇಲೆ ಕುಂಚ ಗುಡಿಸಿದ ಹಾಗೆ ತಾಳ. ಟ್ರಂಪೆಟ್ ಮುಂದೆ ನಿಂತು ಮಾತಾಡಿತು, ಒಂದು ಕ್ಲಾರಿನೆಟ್ ಅದಕ್ಕೆ ಎದುರುತ್ತರ ಕೊಟ್ಟಿತು. ಇವೆರಡರ ಕೆಳಗೆ ಮತ್ತೊಂದು ಕ್ಲಾರಿನೆಟ್, ತಗ್ಗಿದ ದನಿಯಲ್ಲಿ, ಯಾರ ದಾರಿಗೂ ಅಡ್ಡ ಬರದೆ ಗೋಡೆಯ ಬದಿಯಲ್ಲಿ ನಡೆದು ಹೋಗುವವನ ಹಾಗೆ.

ದೊಡ್ಡಸಿದ್ದಯ್ಯ ಕೆಳಗೆ ನೋಡುತ್ತಿದ್ದರು.

ಒಳಬಾಗಿಲಲ್ಲಿ ಬಳೆ ಸದ್ದಾಯಿತು. ಅವರ ಹೆಂಡತಿ ಸರ್ವಮಂಗಳಾ ಕಾಫಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಹಬೆ ಆರಿತ್ತು.

"ಬಂದಿದ್ರು," ಎಂದರು.

"ನೀನು ಒಳಗೋಗು."

"ಬಂದಿದ್ರು ಕಣಪ್ಪ. ಮಂಗಳವಾರ ಐದೂ ಕಾಲಿಗೆ. ಕಂಕುಳಲ್ಲಿ ಕ್ಲಾರಿನೆಟ್ಟಿನ ಕರೀ ಪೆಟ್ಟಿಗೆ, ಎದೆಗೆ ಅವುಚ್ಕೊಂಡಿದ್ದ ತಟ್ಟೆ. ಮಗು ಎತ್ಕೊಂಡ್ ಬಂದಂಗೆ ಬಂದಿದ್ರು." ಲೋಟವನ್ನು ಸಿದ್ಧಾರ್ಥನ ಪಕ್ಕದ ಸ್ಟೂಲಿನ ಮೇಲಿಟ್ಟರು. "ನಾಲ್ಕ್ ದಿನದಿಂದ ನೋಡ್ತಿದೀನಿ, ಇವ್ರಿಗೆ ಊಟ ಸೇರ್ತಿಲ್ಲ. ಆ ಕಂಡಕ್ಟರ್ ಹೆಂಡ್ತಿ ನೆನ್ನೆ ಬಜಾರಲ್ಲಿ ನನ್ ಕಾಲು ಹಿಡ್ಕೊಂಡ್ಲು. ಏನಂತ ಹೇಳ್ಲಿ ಅವ್ಳಿಗೆ?"

ಎರಡನೆಯ ಕ್ಲಾರಿನೆಟ್ ಮಾತ್ರ ನಡೆಯುತ್ತಿತ್ತು.

ಕೊನೆಗೆ ದೊಡ್ಡಸಿದ್ದಯ್ಯ ಹಾರ್ಮೋನಿಯಂನ ಮುಚ್ಚಳ ಎಳೆದುಕೊಂಡು ಅದರ ಮೇಲೆ ಎರಡೂ ಕೈ ಇಟ್ಟರು.

"ಅವರ ಪ್ಲೇಯರಿನ ಮುಳ್ಳು ಮುರಿದೋಗಿತ್ತಂತೆ. 'ಈ ಸಲ ಈ ತಟ್ಟೆನೇ ತುಂಬ್ಬೇಕು ಯಜಮಾನ್ರೆ, ಒಂದ್ಸಲ ನಿಮ್ಮ ಪ್ಲೇಯರ್ ಮೇಲೆ ಹಾಕ್ಕೊಡಿ, ನಾಳೆಗೆ ಇಟ್ಕೊಳ್ಳೋ ವಯಸ್ಸಲ್ಲ ನಂದು' ಅಂದ್ರು."

"ಹಾಕಿಕೊಟ್ರಾ?"

"ಪ್ಲೇಯರ್ ಎಲ್ಲಿದೆ ನೋಡಿದ್ರಲ್ಲ."

ಸಿದ್ಧಾರ್ಥ ನೋಡಿದ್ದ. ದೇವರ ಗೂಡಿನ ಪಕ್ಕ. ಎಂಟು ವರ್ಷ ಚಲುವಯ್ಯನವರ ಧ್ವನಿ ಆ ಕೋಣೆಯೊಳಗೆ ಓಡಾಡಿತ್ತು. ಅವರು ಬಂದಾಗಲೆಲ್ಲ ಕೂರುತ್ತಿದ್ದುದು ಮಂಡಿಯ ಬೆಂಚಿನ ಮೇಲೆ.

"ಕರೆಂಟ್ ಹೋಗೋ ಹೊತ್ತು, ಇನ್ನೊಂದಿನ ಬನ್ನಿ ಅಂದೆ."

"ಕರೆಂಟ್ ಇನ್ನೂ ಮುಕ್ಕಾಲು ಗಂಟೆ ಇತ್ತು," ಎಂದರು ಸರ್ವಮಂಗಳಾ.

"ಇತ್ತು ಕಣೇ, ಇತ್ತು." ಅವರ ಧ್ವನಿ ಏರಲಿಲ್ಲ. "ಪೊಲೀಸಿನೋರಿಗೆ ಏನಂತ ಬರೆಸ್ಲಿ ಲಾಯರೇ? ಎಂಟು ವರ್ಷದ ಗೆಳೆಯ ಬಾಗ್ಲಿಗೆ ಬಂದ, ಒಳಗೆ ಕರೀಲಿಲ್ಲ, ಆಮೇಲೆ ಅವನು ಸತ್ತ ಅಂತ ಬರೆಸ್ಲಾ? ನೋಡಿಲ್ಲ ಅನ್ನೋದು ಸುಲಭ ಆಯ್ತು."

"ಅವರು ಏನಂದ್ರು?"

"ಏನೂ ಅನ್ಲಿಲ್ಲ. ನಕ್ಕು, 'ಸರಿ ಬುಡಿ, ಬತ್ತೀನಿ' ಅಂದ್ರು."

"ಬಸ್ ಸ್ಟ್ಯಾಂಡಿಗೆ ಹೋದ್ರಾ?"

"ಇಲ್ಲ," ಎಂದರು ಸರ್ವಮಂಗಳಾ. "ನಾನು ಮಹಡಿ ಕಿಟಕೀಲಿದ್ದೆ. ಸ್ಟೇಷನ್ ರಸ್ತೆ ಕಡೆ ತಿರುಗುದ್ರು. ಅತ್ಲಾಗೆ ಯಾಕೆ ಹೋಗ್ತಾರೆ ಅನ್ಕೊಂಡೆ."

ಸಿದ್ಧಾರ್ಥ ಕಾಫಿ ಲೋಟಕ್ಕೆ ಕೈಹಾಕಿದವನು ಹಾಗೇ ಬಿಟ್ಟ. ಸ್ಟೇಷನ್ ರಸ್ತೆ. ಒಂದು ಯೋಚನೆ ಬಂದು ತಟ್ಟಿತು, ಅದನ್ನು ಪಕ್ಕಕ್ಕೆ ಸರಿಸಿದ. ಮೊದಲು ಎದುರಿಗಿರುವವರ ಲೆಕ್ಕ ತೀರಲಿ.

"ಹೋದವರು ತಿರುಗಿ ಬಂದಿರಬಹುದು. ಆರಕ್ಕೆ ಕತ್ತಲಾದ ಮೇಲೆ ನಿಮ್ಮ ಮನಸ್ಸು ಕರಗಿರಬಹುದು. ಸೆಲ್ಲಲ್ಲಿ ಓಡೋ ಟೇಪ್ ರೆಕಾರ್ಡರ್ ನಿಮ್ಮ ಹತ್ರ ಇದೆ."

"ಇದೆ. ಒಪ್ಕೊಂಡೆ." ದೊಡ್ಡಸಿದ್ದಯ್ಯ ತಲೆ ಎತ್ತಿದರು. ಮೊದಲ ಸಲ ಅವರ ಕಣ್ಣಿನಲ್ಲಿ ಮಂಡಿಯ ವ್ಯಾಪಾರಿ ಕಾಣಿಸಿದ. ಸರಕನ್ನು ಕೈಯಲ್ಲಿ ತೂಗಿ ನೋಡುವವನು. "ನನ್ನ ಪ್ಲೇಯರ್ ಯಾವುದ್ರಲ್ಲಿ ಓಡುತ್ತೆ? ಹೋಗಿ ನೋಡ್ಬನ್ನಿ."

ಸಿದ್ಧಾರ್ಥ ಎದ್ದು ಬಾಗಿಲಿನವರೆಗೆ ಹೋಗಿ ನಿಂತ.

"ಒಳಗೇ ಹೋಗಿ," ಎಂದರು ಸರ್ವಮಂಗಳಾ.

ಅವನು ಹೋದ. ಪ್ಲೇಯರಿನ ಬೆನ್ನಿಂದ ಒಂದು ದಪ್ಪ ವೈರು ಇಳಿದು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಎತ್ತಿ ಕೆಳಗೆ ನೋಡಿದ. ಸೆಲ್ಲಿಗೆ ಜಾಗವಿರಲಿಲ್ಲ.

"ಗೋಡೆ ಕರೆಂಟು. ಬರೀ ಗೋಡೆ ಕರೆಂಟು," ಪಡಸಾಲೆಯಿಂದ ದೊಡ್ಡಸಿದ್ದಯ್ಯನವರ ಧ್ವನಿ ಬಂತು. "ಆರೂ ಕಾಲಿಗೆ ಕರೆಂಟಿಲ್ಲ ಅಂತ ನೀವೇ ಹೇಳುದ್ರಿ. ಟೇಪ್ ರೆಕಾರ್ಡರೇನೋ ಸೆಲ್ಲಲ್ಲಿ ಓಡ್ತು. ತಟ್ಟೆ ತಿರುಗಿಸ್ದೋರು ಯಾರು? ನಾನು ಬೆರಳಲ್ಲಿ ತಿರುಗಿಸ್ದ್ನಾ?"

ಸಿದ್ಧಾರ್ಥ ಪ್ಲೇಯರನ್ನು ಮೊದಲಿದ್ದಂತೆ ಇಟ್ಟು ಪಡಸಾಲೆಗೆ ಬಂದ.

"ಇನ್ನೊಂದು ಕೇಳಿ. ಕೊನೆ ಬರ್ತಾ ಇದೆ. ಈ ತಟ್ಟೆ ಕೊನೇಲಿ ಏಳೂ ವಾದ್ಯ ಕಪ್ಪು ಐದಕ್ಕೆ ಬಂದು ನಿಲ್ಲುತ್ತೆ ಅಂತ ಬ್ಯಾಂಡಯ್ಯ ನಂಗೆ ನೂರು ಸಲ ಹೇಳಿದಾರೆ."

ಅದು ನಿಜ. ನರಸೀಪುರದ ಮನೆಯಲ್ಲಿ ತಟ್ಟೆ ಹಾಕಿ, ಕೊನೆಯ ಸ್ವರದ ಜೊತೆ ತಾವೂ ಊದಿ ಚಲುವಯ್ಯ ಅದನ್ನು ಸಿದ್ಧಾರ್ಥನಿಗೆ ಒಂದೆರಡು ಸಲ ತೋರಿಸಿದ್ದರು.

ದೊಡ್ಡಸಿದ್ದಯ್ಯ ಹಾರ್ಮೋನಿಯಂನ ಮುಚ್ಚಳ ಸರಿಸಿದರು. ಟ್ರಂಪೆಟ್ ಇಳಿಯಿತು, ಡ್ರಮ್ ಹಿಂದೆ ಸರಿಯಿತು, ವಾದ್ಯಗಳು ಒಂದೊಂದಾಗಿ ಬಂದು ಒಂದೇ ಸ್ವರದ ಮೇಲೆ ನಿಂತವು. ಅವರು ಒತ್ತಿದರು.

ಕಪ್ಪು ಐದು.

ಉಜ್ಜಾಟವಿಲ್ಲ, ಜಗಳವಿಲ್ಲ. ಹಾರ್ಮೋನಿಯಂ ಯಾವುದು, ಬ್ಯಾಂಡು ಯಾವುದು ಎಂದು ತಿಳಿಯದಷ್ಟು ಒಂದಾಗಿತ್ತು.

"ಮುದುಕನ ಮಾತು ಒಂದು ಮನೆ ಮೇಲೆ. ಊದಿದ್ದು ಒಂದು ಮನೆ ಮೇಲೆ. ಅದೇ ಕ್ಯಾಸೆಟ್ಟು, ಅದೇ ಹೊತ್ತು, ತಟ್ಟೆ ಮಾತ್ರ ಸರಿಯಾಗಿದೆ." ದೊಡ್ಡಸಿದ್ದಯ್ಯ ಅವನನ್ನು ನೋಡಿದರು. "ಹೆಂಗೆ?"

ಹೇಗೆ ಎಂದು ಅವನಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ಕ್ಯಾಸೆಟ್ ನಿಧಾನ ಓಡಿದ ಹಾಗೆಯೇ ತಟ್ಟೆಯೂ ಅಷ್ಟೇ ನಿಧಾನ ತಿರುಗಿದ್ದರೆ, ಎರಡೂ ತಪ್ಪುಗಳು ಒಂದನ್ನೊಂದು ನುಂಗಿಕೊಂಡು ವಾದನ ಸರಿಯಾಗಿಯೇ ಕೇಳಿಸುತ್ತದೆ. ಮನುಷ್ಯನ ಬಾಯಿಂದ ನೇರವಾಗಿ ಬಂದದ್ದು ಮಾತ್ರ ತಪ್ಪಾಗಿ ಉಳಿಯುತ್ತದೆ. ಎರಡೂ ಅಷ್ಟು ಸಮಸಮನಾಗಿ ಸೋಲಬೇಕಾದರೆ ಅವು ಒಂದೇ ಸೆಲ್ಲುಗಳ ಶಕ್ತಿ ಕುಡಿದಿರಬೇಕು. ಮೇಲೆ ತಟ್ಟೆ, ಕೆಳಗೆ ಕ್ಯಾಸೆಟ್, ಎರಡಕ್ಕೂ ಒಂದೇ ಹೊಟ್ಟೆ.

ದೊಡ್ಡಸಿದ್ದಯ್ಯ ಕಡಿಮೆಯವರಲ್ಲ. ಎಂಟು ವರ್ಷ ತಿರುಪು ತಿರುಗಿಸಿದವರು.

"ಎರಡೂ ಒಂದೇ ಪೆಟ್ಟಿಗೇಲಿರೋ ಮಿಷಿನ್ನು," ಎಂದರು ನಿಧಾನವಾಗಿ. "ಫಾರಿನ್ನಿಂದ ತರ್ತಾರಲ್ಲ, ರೇಡಿಯೊ, ಕ್ಯಾಸೆಟ್ಟು, ತಟ್ಟೆ ಎಲ್ಲ ಒಂದ್ರಲ್ಲೇ. ಸೆಲ್ ಹಾಕುದ್ರೆ ಹೊಲದ ಮಧ್ಯನೂ ಓಡುತ್ತೆ. ಅಂಥದ್ರಲ್ಲಿ ತುಂಬಿದಾರೆ. ಅಲ್ವಾ?"

"ಇರಬಹುದು."

"ಇರಬಹುದಲ್ಲ. ಅದೇ." ಅವರು ಟೇಪ್ ರೆಕಾರ್ಡರ್ ಆರಿಸಿ, ಕ್ಯಾಸೆಟ್ ತೆಗೆದು ಅವನ ಕೈಗೆ ಕೊಟ್ಟರು. "ಸೋಮವಾರ ನಾನು ಮೈಸೂರಿಗೆ ಬರ್ತೀನಿ. ತಟ್ಟೆ ಅವ್ರ ಕೈಯಲ್ಲೇ ಇತ್ತು, ನಾನು ಕಣ್ಣಾರೆ ಕಂಡೆ, ಬಾಗ್ಲಿಂದ ಕಳುಹಿಸ್ದೆ ಅಂತ ಜಡ್ಜ್ ಮುಂದೆ ಹೇಳ್ತೀನಿ. ಮರಿಸ್ವಾಮಿ ಆಚೆಗೆ ಬರ್ತಾನೆ."

ಸರ್ವಮಂಗಳಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆಮೇಲೆ ಪೊಲೀಸ್ನೋರು ಏನ್ ಕೇಳ್ತಾರೆ ಹೇಳಿ?" ದೊಡ್ಡಸಿದ್ದಯ್ಯ ಮುಂದೆ ಬಾಗಿದರು. "ಕೊನೇಲಿ ನೋಡ್ದೋನು ನೀನು. ಮೊದ್ಲು ಸುಳ್ಳು ಬರೆಸ್ದೋನು ನೀನು. ಅವ್ನು ಆಚೆಗೆ, ನಾನು ಒಳಗೆ. ನನ್ನ ಮನೆಯಿಂದ ಅವ್ರು ಎಲ್ಲಿಗೆ ಹೋದ್ರು ಅಂತ ಗೊತ್ತಾದ್ರೆ ನಾನು ಉಳ್ಕೊಂಡೆ. ಅಂಥ ಪೆಟ್ಟಿಗೆ ಈ ಊರಲ್ಲಿ ಎಷ್ಟಿರುತ್ತೆ? ಒಂದಿದ್ರೆ ಹೆಚ್ಚು. ನೀವು ಕೋರ್ಟು, ಕಚೇರಿ ಅಂತ ನಾಲ್ಕು ಮನೆ ತಿರುಗೋರು. ಯಾರ ಹತ್ರ ಇದೆ, ಗೊತ್ತಾ?"

ಸಿದ್ಧಾರ್ಥ ಕ್ಯಾಸೆಟ್ಟನ್ನು ಡಬ್ಬಿಯೊಳಗಿಟ್ಟು ಮುಚ್ಚಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಮುಚ್ಚಿದ.

ಅವನ ಕಣ್ಣೆದುರು ಇದ್ದುದು ಗುರುವಾರದ ಸಂಜೆ. ಇಂದ್ರಾಣಿ ರಿಕ್ಷಾದಲ್ಲಿ ಬಂದು ಅವನ ಬಾಗಿಲಲ್ಲಿ ಆ ಭಾರದ ಪೆಟ್ಟಿಗೆ ಇಳಿಸಿದ್ದಳು. ಭಾನುವಾರ ಅವಳೇ ಅವನನ್ನು ಕೇಳಿ ತೆಗೆದುಕೊಂಡು ಹೋಗಿದ್ದು. ಚಲುವಯ್ಯನವರ ಬಗ್ಗೆ, "ಒಂದು ತಿಂಗಳಾಗಿತ್ತು ಅವರನ್ನ ನೋಡಿ," ಎಂದಷ್ಟೇ ಹೇಳಿದ್ದಳು. ಪೊಲೀಸರಿಗೂ ಅದನ್ನೇ ಬರೆಸಿದ್ದಳು, ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಸಹಿ ಮಾಡಿದ್ದಳು. ಅವಳು ಹೋದ ಮೇಲೆ ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಎಂಟೂ ಸೆಲ್ಲುಗಳು ಹೊಸವು. ಎಷ್ಟು ಸೂಕ್ಷ್ಮ ಇವಳದು ಎಂದು ಅವನು ಆ ಸಂಜೆಯೆಲ್ಲ ಖುಷಿಪಟ್ಟಿದ್ದ.

"ಲಾಯರೇ, ಕೇಳಿಸ್ತಾ? ಗೊತ್ತಾ ನಿಮ್ಗೆ?"

"ವಿಚಾರಿಸ್ತೀನಿ ಯಜಮಾನ್ರೆ," ಎಂದ.

ಬಜಾರ್ ಬೀದಿಗೆ ಇಳಿದ. ಎಡಕ್ಕೆ ಪೊಲೀಸ್ ಠಾಣೆ, ಬಲಕ್ಕೆ ಸ್ಟೇಷನ್ ರಸ್ತೆ. ಮಂಡಿಯ ಬಾಗಿಲಲ್ಲಿ ದೊಡ್ಡಸಿದ್ದಯ್ಯ ನಿಂತು ಅವನು ಯಾವ ಕಡೆ ತಿರುಗುತ್ತಾನೆಂದು ನೋಡುತ್ತಿದ್ದರು.

ಅಂಥ ಪೆಟ್ಟಿಗೆ ಊರಿಗೆಲ್ಲ ಒಂದೇ ಇದೆ, ಅದು ತನ್ನದು, ಮಂಗಳವಾರ ಸಂಜೆ ಅದು ಇಂದ್ರಾಣಿಯ ಮನೆಯಲ್ಲಿತ್ತು ಎಂದು ಸಿದ್ಧಾರ್ಥ ಅವರಿಗೆ ಹೇಳಲಿಲ್ಲ.